ತಂಟೆಕೋರ ಎನ್ನುವ ಮೊದಲು



ಈಚೆಗೆ ನನಗೆ ಬರುವ ಕಾಗದಗಳಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬರುವುದು, ಕೂದಲು ಉದುರುವುದು ಬಿಟ್ಟರೆ ಹೆಚ್ಚಾಗಿರುವುದು ಒಂದೇ ಗೋಳು. "ನನ್ನ ಮಗ ಕೂತಲ್ಲಿ ಕೂರೋಲ್ಲ, ನಿಂತಲ್ಲಿ ನಿಲ್ಲೋಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದಾನೆ. ಹೇಳಿದ ಮಾತು ಕಿವಿಗೇ ಹೋಗೋಲ್ಲ. ಶಾಲೆಯಿಂದ ದಿನಾ ದೂರು. ಹೊಡೆದೂ ಸಾಕಾಯಿತು, ಮುದ್ದು ಮಾಡಿಯೂ ಸಾಕಾಯಿತು. ಏನು ಮಾಡಲಿ?" ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಬರೆಯುವುದು ಆಗದ ಮಾತು. ಆದ್ದರಿಂದ ಈ ಸಲದ ಪುಟ ಪೂರ್ತಿ ಈ ಮಕ್ಕಳಿಗೇ ಮೀಸಲು.

ಮೊದಲೇ ಒಂದು ಮಾತು. ಮಕ್ಕಳೆಂದ ಮೇಲೆ ತಂಟೆ ಇರಲೇಬೇಕು. ಮೂರು ವರ್ಷದ ಕೂಸು ಒಂದು ಗಂಟೆ ಅಲುಗಾಡದೆ ಕೂತಿತೆಂದರೆ ನಾನಾದರೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತೇನೆ! ಓಡುವ, ಬೀಳುವ, ಮರ ಹತ್ತುವ ಮಕ್ಕಳಿಗೆಲ್ಲ ಕಾಯಿಲೆಯ ಹೆಸರು ಕಟ್ಟುವುದು ತಪ್ಪು. ಆದರೆ ಕೆಲವು ಮಕ್ಕಳ ಚಟುವಟಿಕೆ ಬೇರೆಯದೇ ತರಹ. ಅವರಿಗೇ ಅದರ ಮೇಲೆ ಹಿಡಿತವಿಲ್ಲ. ಸುಮ್ಮನೆ ಕೂರಬೇಕೆಂದು ಆ ಮಗುವಿಗೂ ಆಸೆ ಇರುತ್ತದೆ, ಆದರೆ ಆಗುವುದಿಲ್ಲ. ಇದನ್ನು ಡಾಕ್ಟರುಗಳು ಎ.ಡಿ.ಎಚ್.ಡಿ. ಎನ್ನುತ್ತಾರೆ. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ನಮ್ಮ ಭಾಷೆಯಲ್ಲಿ ಹೇಳಬಹುದು. ಲೋಕದಲ್ಲಿ ನೂರು ಮಕ್ಕಳಿದ್ದರೆ ಸುಮಾರು ಐದು ಮಕ್ಕಳಿಗೆ ಇದು ಇರುತ್ತದೆಂದು ಲೆಕ್ಕ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರಬಹುದು.

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಈಗಿನ ಮೊಬೈಲಿನ ಕಾಯಿಲೆ" ಎಂದು ಅತ್ತೆಯವರು ಹೇಳಬಹುದು. ಇತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ. 1902ರಲ್ಲೇ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಬುದ್ಧಿ ಚುರುಕಾಗಿದ್ದೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಆಗ ಮೊಬೈಲೂ ಇರಲಿಲ್ಲ, ಟಿ.ವಿ.ಯೂ ಇರಲಿಲ್ಲ. ನಮ್ಮ ಊರಿನಲ್ಲೂ ಅಂಥವರು ಇದ್ದರು. ಶಾಲೆಯಲ್ಲಿ ಬೆತ್ತದ ರುಚಿ ನೋಡಿ, ಮೂರನೇ ಕ್ಲಾಸಿಗೇ ಬಿಟ್ಟು, "ದಡ್ಡ", "ಪೋಕರಿ" ಅನ್ನಿಸಿಕೊಂಡು ಬೆಳೆದರು.

ಹೇಗೆ ಗುರುತಿಸುತ್ತಾರೆ?

ಈ ತೊಂದರೆಗೆ ಎರಡು ಮುಖ. ಒಂದು, ಗಮನ ನಿಲ್ಲದಿರುವುದು. ಲೆಕ್ಕ ಗೊತ್ತಿದ್ದರೂ ಕೂಡುವ ಬದಲು ಕಳೆಯುವುದು, ಶುರು ಮಾಡಿದ ಕೆಲಸ ಮುಗಿಸದಿರುವುದು, ವಾರಕ್ಕೊಂದು ಪೆನ್ಸಿಲ್ ಡಬ್ಬಿ ಕಳೆಯುವುದು, ಎದುರು ನಿಂತು ಹೇಳಿದರೂ ಕೇಳಿಸದವರ ಹಾಗೆ ಇರುವುದು. ಇನ್ನೊಂದು, ಅತಿ ಚಟುವಟಿಕೆ ಮತ್ತು ಆತುರ. ಕೂತಲ್ಲೇ ಕೈಕಾಲು ಆಡಿಸುವುದು, ಪಾಠದ ನಡುವೆ ಎದ್ದು ಓಡಾಡುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವುದು, ಸರದಿಗೆ ಕಾಯಲಾರದಿರುವುದು. ಕೆಲವು ಮಕ್ಕಳಿಗೆ ಮೊದಲನೆಯದು ಮಾತ್ರ, ಕೆಲವರಿಗೆ ಎರಡನೆಯದು, ಹಲವರಿಗೆ ಎರಡೂ.

2013ರಿಂದ ಬಳಕೆಯಲ್ಲಿರುವ ಅಮೆರಿಕದ ವೈದ್ಯರ ಕೈಪಿಡಿಯಲ್ಲಿ ಎರಡೂ ಬಗೆಗೆ ಒಂಬತ್ತೊಂಬತ್ತು ಲಕ್ಷಣಗಳನ್ನು ಕೊಟ್ಟಿದ್ದಾರೆ. ಯಾವುದಾದರೂ ಒಂದು ಬಗೆಯಲ್ಲಿ ಕನಿಷ್ಠ ಆರು ಇರಬೇಕು. ಹದಿನೇಳು ತುಂಬಿದವರಿಗೆ ಐದು ಸಾಕು. ಅಷ್ಟೇ ಅಲ್ಲ, ಇನ್ನೂ ನಾಲ್ಕು ವಿಷಯ ನೋಡುತ್ತಾರೆ. ಆರು ತಿಂಗಳಿಗೂ ಮೇಲ್ಪಟ್ಟು ನಡೆದಿರಬೇಕು. ಕೆಲವಾದರೂ ಲಕ್ಷಣಗಳು ಹನ್ನೆರಡು ವರ್ಷದ ಒಳಗೇ ಕಂಡಿರಬೇಕು. ಮನೆ, ಶಾಲೆ, ಹೀಗೆ ಎರಡು ಕಡೆಯಾದರೂ ಕಾಣಬೇಕು. ಮಗುವಿನ ಓದು, ಸ್ನೇಹ, ದಿನದ ಬದುಕಿಗೆ ನಿಜವಾಗಿ ಅಡ್ಡಿಯಾಗಿರಬೇಕು. ಮನೆಯಲ್ಲಿ ಮಾತ್ರ ರಂಪ ಮಾಡಿ, ಶಾಲೆಯಲ್ಲಿ ಚಿನ್ನದಂಥ ಹುಡುಗ ಎನಿಸಿಕೊಂಡರೆ ಕಾರಣ ಬೇರೆ ಎಲ್ಲೋ ಇರಬಹುದು.

ರಕ್ತ ಪರೀಕ್ಷೆಯಲ್ಲಾಗಲಿ, ತಲೆಯ ಸ್ಕ್ಯಾನಿನಲ್ಲಾಗಲಿ ಇದು ಗೊತ್ತಾಗುವುದಿಲ್ಲ, ಸೋದರಿಯರೇ. ಯಾರಾದರೂ "ಸ್ಕ್ಯಾನ್ ಮಾಡಿಸಿ, ಎ.ಡಿ.ಎಚ್.ಡಿ. ಇದೆಯೋ ಇಲ್ಲವೋ ಹೇಳಿಬಿಡ್ತೀವಿ" ಎಂದರೆ ಕೈಚೀಲ ಬಿಗಿಯಾಗಿ ಹಿಡಿದುಕೊಳ್ಳಿ. ಒಳ್ಳೆಯ ಡಾಕ್ಟರು ಮಾತಾಡುತ್ತಾರೆ, ಕೇಳುತ್ತಾರೆ, ನೋಡುತ್ತಾರೆ. ಹೆರಿಗೆ ಹೇಗಾಯಿತು, ನಡೆದದ್ದು ಯಾವಾಗ, ನಿದ್ದೆ ಎಷ್ಟು, ಎಲ್ಲ ಕೇಳುತ್ತಾರೆ. ಅಪ್ಪ ಅಮ್ಮನಿಗೊಂದು, ಟೀಚರಿಗೊಂದು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಎಷ್ಟೋ ಸಲ ಮೊದಲ ಭೇಟಿಯಲ್ಲಿ ಮಗು ಹೊಸ ಜಾಗ, ಹೊಸ ಮುಖ ಕಂಡು ತೆಪ್ಪಗೆ ಕೂತಿರುತ್ತದೆ. "ಡಾಕ್ಟರ ಮುಂದೆ ಸರಿಯಾಗೇ ಇದ್ದ, ಏನೂ ಇಲ್ಲ ಬಿಡಿ" ಎಂದು ಹಿಂದಿರುಗಬೇಡಿ. ಅದು ಅವರಿಗೂ ಗೊತ್ತಿರುತ್ತದೆ.

ಇದೇ ತರಹ ಕಾಣುವ ಬೇರೆ ತೊಂದರೆಗಳೂ ಉಂಟು. ಕಿವಿ ಮಂದವಾದ ಮಗು ಮಾತು ಕೇಳದ ಮಗುವಿನ ಹಾಗೇ ಕಾಣುತ್ತದೆ. ಕಣ್ಣು ಕಾಣದ ಮಗು ಬೋರ್ಡು ನೋಡುವುದು ಬಿಟ್ಟು ಪಕ್ಕದವನನ್ನು ಚಿವುಟುತ್ತದೆ. ಗಂಟಲು ಮೂಗಿನ ಗಡ್ಡೆ ಊದಿ ರಾತ್ರಿಯೆಲ್ಲ ಗೊರಕೆ ಹೊಡೆಯುವ ಮಗುವಿಗೆ ಹಗಲು ಸಿಡುಕು, ಚಡಪಡಿಕೆ. ಕ್ಷಣಕಾಲ ಶೂನ್ಯ ನೋಡುತ್ತ ನಿಂತುಬಿಡುವ ಒಂದು ಬಗೆಯ ಮೂರ್ಛೆರೋಗವೂ ಇದೆ. ಥೈರಾಯಿಡ್ ಏರುಪೇರು, ಮನೆಯ ಜಗಳ, ಶಾಲೆಯಲ್ಲಿ ಯಾರದೋ ಹೆದರಿಕೆ, ಇವೂ ಕಾರಣವಾಗಬಹುದು. ಓದು ಬರಹದ ಕಲಿಕೆಯ ನ್ಯೂನತೆ ಎಷ್ಟೋ ಸಲ ಎ.ಡಿ.ಎಚ್.ಡಿ.ಯ ಜೊತೆಗೇ ಬರುತ್ತದೆ. ಇವನ್ನೆಲ್ಲ ಜರಡಿ ಹಿಡಿದ ಮೇಲೆಯೇ ಹೆಸರು ಹೇಳಬೇಕು. ಪಕ್ಕದ ಮನೆಯವರು ಹೇಳಿದರು, ಮೊಬೈಲಿನಲ್ಲಿ ನೋಡಿದೆ ಎಂದು ನಾವೇ ಹಣೆಪಟ್ಟಿ ಕಟ್ಟುವುದು ಬೇಡ.

ನನ್ನ ತಂಗಿಯ ಮನೆಯ ಮಾತು

ನನ್ನ ತಂಗಿ ಅರಸೀಕೆರೆಯಲ್ಲಿದ್ದಾಳೆ. ಅವಳ ಮಗ ಎರಡನೇ ತರಗತಿಗೆ ಬರುವ ಹೊತ್ತಿಗೆ ಶಾಲೆಯವರು "ಟಿ.ಸಿ. ತಗೊಂಡು ಹೋಗಿ" ಎಂದು ಹೇಳಿಯಾಗಿತ್ತು. ತಂಗಿಯ ಯಜಮಾನರು ಒಳ್ಳೆಯ ಮನುಷ್ಯರೇ. ಆದರೆ ಆಫೀಸಿನಿಂದ ಬಂದೊಡನೆ ದೂರಿನ ಡೈರಿ ಓದಿ ಬೆಲ್ಟು ತೆಗೆಯುವುದು ದಿನದ ವ್ರತವಾಗಿಬಿಟ್ಟಿತ್ತು. ಅತ್ತೆಯವರ ಬಾಯಲ್ಲಿ "ತಾಯಿ ಮುದ್ದು ಮಾಡಿ ಕೆಡಿಸಿದಳು" ಎಂಬ ಮಾತು. ಒಂದು ದಿನ ಗಾಳಿಪಟದ ಹಿಂದೆ ಓಡಿದ ಹುಡುಗ ಬಸ್ಸಿನ ಮುಂದೆಯೇ ರಸ್ತೆ ದಾಟಿಬಿಟ್ಟ. ಡ್ರೈವರ್ ಬ್ರೇಕು ಹಾಕಿದ್ದರಿಂದ ಉಳಿದ. ಅವತ್ತು ರಾತ್ರಿಯೂ ಏಟು ಬಿತ್ತು. ಆಗ ಅವನು ಅಳುತ್ತ, "ಅಮ್ಮಾ, ನನ್ನ ಕಾಲಿಗೆ ನಾನು ಹೇಳ್ತೀನಿ, ಅದು ಕೇಳೋದೇ ಇಲ್ಲ" ಅಂದನಂತೆ.

ತಂಗಿ ಫೋನಿನಲ್ಲಿ, "ಅಕ್ಕಾ, ಏಳು ವರ್ಷದ ಮಗು ನಾನು ಕೆಟ್ಟ ಹುಡುಗ, ನಾನು ಬೇಡ ಅನ್ನುತ್ತೆ. ನನಗೆ ಭಯ ಆಗ್ತಿದೆ" ಎಂದಳು. ಮಾರನೆಯ ವಾರ ನಾನೂ ಜೊತೆಗೆ ಹೋಗಿ ಮಾನಸಿಕ ವೈದ್ಯರಿಗೆ ತೋರಿಸಿದೆವು. ಮೂರು ಭೇಟಿ ಆಯಿತು. ಕಿವಿ ಕಣ್ಣು ಪರೀಕ್ಷೆ ಆಯಿತು. ಟೀಚರ ಹಾಳೆಯೂ ಬಂತು. ಎಲ್ಲ ನೋಡಿ ಆ ಡಾಕ್ಟರಮ್ಮ ತಂಗಿಯ ಯಜಮಾನರ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಕಣ್ಣು ಮಂದವಾದ ಮಗುವಿಗೆ ಬೋರ್ಡು ಕಾಣಲಿಲ್ಲ ಅಂತ ಹೊಡೀತೀರಾ?" ಅವರು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಮಗನ ತಲೆ ನೇವರಿಸುತ್ತ ಕಿಟಕಿಯ ಆಚೆ ನೋಡುತ್ತಿದ್ದರು. "ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆನಂತೆ" ಎಂದರು ಕೊನೆಗೆ.

ಅದರಲ್ಲಿ ಸತ್ಯವಿದೆ. ಈ ತೊಂದರೆಗೆ ಬಹುಪಾಲು ಕಾರಣ ವಂಶದಲ್ಲಿ ಹರಿದು ಬರುವ ಗುಣ. ಅಪ್ಪನ ಕಡೆಯೋ, ಅಮ್ಮನ ಕಡೆಯೋ ಯಾರಿಗಾದರೂ ಇದ್ದಿರುತ್ತದೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇದ್ದ ಮಕ್ಕಳಿಗೆ ಸ್ವಲ್ಪ ಹೆಚ್ಚು. ತಾಯಿ ಮುದ್ದು ಮಾಡಿದ್ದರಿಂದ ಬರುವುದಿಲ್ಲ, ತಾಯಿ ಕೆಲಸಕ್ಕೆ ಹೋದದ್ದರಿಂದಲೂ ಬರುವುದಿಲ್ಲ. ಈ ಒಂದು ವಾಕ್ಯವನ್ನು ಬೇಕಾದರೆ ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ.

ಸಕ್ಕರೆಯ ಮೇಲೂ ಆರೋಪವಿದೆ. 1995ರಲ್ಲಿ ಅಮೆರಿಕದಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಸಕ್ಕರೆಯಿಂದ ಮಕ್ಕಳ ನಡತೆ ಕೆಡುವುದೆಂದು ಕಾಣಲಿಲ್ಲ. ಹಲ್ಲಿಗೆ ಕೆಟ್ಟದ್ದು, ಆ ಮಾತು ಬೇರೆ. ಕೆಲವು ಕೃತಕ ಬಣ್ಣಗಳು ಮಕ್ಕಳ ಚಡಪಡಿಕೆಯನ್ನು ಒಂದಿಷ್ಟು ಹೆಚ್ಚಿಸಬಹುದೆಂದು 2007ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ ಕಂಡಿತು. ಬಣ್ಣದ ಮಿಠಾಯಿ ಕಡಿಮೆ ಮಾಡಿದರೆ ನಷ್ಟವೇನಿಲ್ಲ, ಆದರೆ ಅದೊಂದರಿಂದಲೇ ಎ.ಡಿ.ಎಚ್.ಡಿ. ವಾಸಿಯಾಗುವುದಿಲ್ಲ.

ಹೆಣ್ಣುಮಕ್ಕಳನ್ನು ಮರೆಯಬೇಡಿ

ಗಂಡು ಹುಡುಗ ಬೆಂಚು ಹತ್ತಿ ಕುಣಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಣ್ಣುಮಗು ಕಿಟಕಿಯ ಪಕ್ಕ ಕೂತು ಹಗಲುಗನಸು ಕಂಡರೆ ಯಾರಿಗೆ ತೊಂದರೆ? "ಪಾಪ, ಸ್ವಲ್ಪ ಮಂಕು, ಮರೆಗುಳಿ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಗಮನದ ಕೊರತೆ ಮಾತ್ರ ಇರುವ ಹೆಣ್ಣುಮಕ್ಕಳು ಹೀಗೆ ಎಣಿಕೆಗೇ ಸಿಗದೆ ಹೋಗುತ್ತಾರೆ. ಏಳನೆಯ ತರಗತಿಯವರೆಗೆ ಹೇಗೋ ದಾಟಿ, ಹೈಸ್ಕೂಲಿನಲ್ಲಿ ಪಾಠ ಹೆಚ್ಚಾದಾಗ ಕುಸಿಯುತ್ತಾರೆ. ಹಾಲು ಒಲೆಯ ಮೇಲಿಟ್ಟು ಮರೆತಳೆಂದು ದಿನಾ ಬೈಸಿಕೊಳ್ಳುವ ಹುಡುಗಿ ಬೇಕೆಂದೇ ಮರೆಯುತ್ತಾಳೆಯೇ? ಒಮ್ಮೆ ಯೋಚಿಸಿ.

ಹದಿಹರೆಯದಲ್ಲಿ ಓಟ ಕುಣಿತ ಹೊರಗೆ ಕಡಿಮೆಯಾಗಿ, ಒಳಗಿನ ಚಡಪಡಿಕೆಯಾಗಿ ಉಳಿಯುತ್ತದೆ. ದೊಡ್ಡವನಾದ, ಸರಿಹೋದ ಎಂದುಕೊಳ್ಳುತ್ತೇವೆ. ಕೊನೆಯ ರಾತ್ರಿಯವರೆಗೆ ಓದು ಮುಂದೂಡುವುದು, ಹಾಲ್ ಟಿಕೆಟ್ ಮನೆಯಲ್ಲಿ ಬಿಟ್ಟು ಹೋಗುವುದು, ಸಣ್ಣ ಮಾತಿಗೂ ಸಿಡಿಯುವುದು, ಗಾಡಿ ಓಡಿಸುವಾಗ ದುಡುಕುವುದು, ಇವು ಆ ವಯಸ್ಸಿನ ರೂಪಗಳು. ವರ್ಷಗಟ್ಟಲೆ ಬೈಗುಳ ತಿಂದ ಮಕ್ಕಳಿಗೆ ಖಿನ್ನತೆ, ಆತಂಕ ಅಂಟಿಕೊಳ್ಳುತ್ತದೆ, ಬೀಡಿ ಸಿಗರೇಟು ಮತ್ತಿನ ಚಟಕ್ಕೂ ಬೇಗ ಬೀಳುತ್ತಾರೆ. ಹಾಗಾಗಿ ಹದಿನಾಲ್ಕು ಹದಿನೈದಕ್ಕೆ ತೋರಿಸಿದರೂ ತಡವಾಯಿತೆಂದು ಕೈಬಿಡಬೇಡಿ. ಆ ವಯಸ್ಸಿನವರನ್ನು ಬಿಟ್ಟು ನೀವೇ ಡಾಕ್ಟರ ಹತ್ತಿರ ಮಾತಾಡಬೇಡಿ, ಅವರನ್ನೂ ಕೂರಿಸಿಕೊಂಡು ಮಾತಾಡಿ.

ಚಿಕಿತ್ಸೆ ಏನು?

ಆರು ವರ್ಷದ ಒಳಗಿನ ಮಕ್ಕಳಿಗೆ ಮೊದಲು ಮಾತ್ರೆಯಲ್ಲ, ತಾಯಿತಂದೆಗೆ ತರಬೇತಿ. ಮಗುವಿನ ಜೊತೆ ಹೇಗೆ ಮಾತಾಡಬೇಕು, ಯಾವುದನ್ನು ಹೊಗಳಬೇಕು, ಯಾವುದನ್ನು ನೋಡಿಯೂ ನೋಡದ ಹಾಗೆ ಇರಬೇಕು ಎಂಬುದನ್ನು ಕಲಿಸುತ್ತಾರೆ. ಆರು ದಾಟಿದ ಮೇಲೆ ಔಷಧಿ, ಈ ತರಬೇತಿ, ಶಾಲೆಯ ಸಹಕಾರ ಮೂರೂ ಜೊತೆಯಾಗಿ ನಡೆದರೆ ಚೆನ್ನ. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳು ನೋಡಿಕೊಂಡ ಒಂದು ದೊಡ್ಡ ಅಧ್ಯಯನದ ಫಲ ಹೊರಬಂತು. ಚಡಪಡಿಕೆ, ಗಮನದ ಕೊರತೆಗೆ ಸರಿಯಾಗಿ ಅಳೆದು ಕೊಟ್ಟ ಔಷಧಿಯೇ ಹೆಚ್ಚು ಕೆಲಸ ಮಾಡಿತು. ತರಬೇತಿಯನ್ನೂ ಜೊತೆಗೆ ಸೇರಿಸಿದಾಗ ಕಡಿಮೆ ಪ್ರಮಾಣದ ಔಷಧಿಯೇ ಸಾಕಾಯಿತು.

ಹೆಚ್ಚಾಗಿ ಕೊಡುವ ಔಷಧಿ ಮೀಥೈಲ್‌ಫೆನಿಡೇಟ್. ಇದು ಹೊಸದೇನಲ್ಲ. 1944ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ರಸಾಯನ ತಜ್ಞ ಲಿಯಾಂಡ್ರೊ ಪನಿಜೋನ್ ತಯಾರಿಸಿದ್ದು. ಹೆಂಡತಿ ಮಾರ್ಗರೀಟಾಳನ್ನು ಪ್ರೀತಿಯಿಂದ ರೀಟಾ ಎನ್ನುತ್ತಿದ್ದರಂತೆ, ಅವಳ ಹೆಸರಿನಿಂದಲೇ ರಿಟಾಲಿನ್ ಎಂದು ನಾಮಕರಣ. ಮಿದುಳಿನಲ್ಲಿ ಸುದ್ದಿ ಸಾಗಿಸುವ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಸಗಳನ್ನು ಇದು ಸರಿಯಾಗಿ ಒದಗಿಸುತ್ತದೆ. ಸಾಮಾನ್ಯ ಮಾತ್ರೆಯಾದರೆ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುವ ಮಾತ್ರೆಗಳು ಶಾಲೆಯ ಹೊತ್ತು ಪೂರ್ತಿ ಬರುತ್ತವೆ. ಇದು ಹೊಂದದವರಿಗೆ ಅಟೊಮಾಕ್ಸೆಟಿನ್ ಮೊದಲಾದ ಬೇರೆ ಔಷಧಿಗಳಿವೆ. ಅಟೊಮಾಕ್ಸೆಟಿನ್ನಿನ ಗುಣ ಕಾಣಲು ಕೆಲವು ವಾರ ಬೇಕು, ಎರಡು ದಿನಕ್ಕೇ ಬೇಸರಪಟ್ಟು ಬಿಡಬಾರದು.

"ಮಗು ಮಾತ್ರೆಗೆ ದಾಸನಾಗಿಬಿಟ್ಟರೆ?" ಎಂಬ ಭಯ ಎಲ್ಲ ತಾಯಂದಿರಿಗೂ ಇರುತ್ತದೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಅವರ ಕಣ್ಗಾವಲಿನಲ್ಲಿ ಕೊಟ್ಟರೆ ಹಾಗೆ ಆಗುವುದಿಲ್ಲ. ಆದರೆ ಡಬ್ಬಿ ನಿಮ್ಮ ಕಪಾಟಿನಲ್ಲಿರಲಿ, ಕೀಲಿಕೈ ನಿಮ್ಮ ಹತ್ತಿರ ಇರಲಿ. ಪರೀಕ್ಷೆಗೆ ಓದಲು ಒಳ್ಳೆಯದೆಂದು ಗೆಳೆಯರಿಗೆ ಹಂಚುವುದು ಬಲು ಅಪಾಯ. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳುವುದೂ ಕೂಡದು.

ಅಡ್ಡ ಪರಿಣಾಮಗಳಿವೆ, ಮುಚ್ಚಿಡುವುದಿಲ್ಲ. ಹಸಿವು ಕಡಿಮೆಯಾಗುವುದು, ತಡವಾಗಿ ನಿದ್ದೆ ಬರುವುದು, ಹೊಟ್ಟೆನೋವು, ತಲೆನೋವು, ಎದೆಬಡಿತ ಸ್ವಲ್ಪ ಹೆಚ್ಚುವುದು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಬಂದವರಿದ್ದರೆ ಮೊದಲೇ ಹೇಳಿ. ಎತ್ತರ, ತೂಕ, ನಾಡಿ, ರಕ್ತದೊತ್ತಡ ಆಗಾಗ್ಗೆ ನೋಡಿಸಿ. ಔಷಧಿ ಹೆಚ್ಚು ಕಡಿಮೆ ಮಾಡುವುದು, ನಿಲ್ಲಿಸುವುದು ಡಾಕ್ಟರನ್ನು ಕೇಳಿಯೇ ಆಗಲಿ. ಮಗು ಗೊಂಬೆಯ ಹಾಗೆ ಮಂಕಾಗಿ ಕೂತರೆ ಅದು ಗುಣವಲ್ಲ, ಪ್ರಮಾಣ ಹೆಚ್ಚಾಗಿದೆಯೇ ಎಂದು ಕೇಳಿ.

ಇಲ್ಲಿ ನಮ್ಮ ಅಡಿಗೆಮನೆಯ ಕೆಲಸ ಬರುತ್ತದೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ಸು ಬಂತೆಂದು ಬೈಯಬೇಡಿ. ಬೆಳಿಗ್ಗೆ ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ ಕೊಡಿ. ಸಂಜೆ ಔಷಧಿಯ ಪ್ರಭಾವ ಇಳಿದಾಗ ಹಸಿವು ಬರುತ್ತದೆ, ಆಗ ಗಟ್ಟಿಯಾದದ್ದೇನಾದರೂ ಕೈಗೆ ಸಿಗಬೇಕು. ನನ್ನ ತಂಗಿ ರಾಗಿ ಹುರಿಹಿಟ್ಟು ಮಾಡಿಡುತ್ತಾಳೆ. ಅರಳಿಸಿದ ರಾಗಿ ಎರಡು ಬಟ್ಟಲು, ಹುರಿಗಡಲೆ ಅರ್ಧ ಬಟ್ಟಲು, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಅರ್ಧ ಬಟ್ಟಲು, ಎರಡು ಏಲಕ್ಕಿ. ಎಲ್ಲ ಪುಡಿ ಮಾಡಿ ಡಬ್ಬಿಗೆ ಹಾಕಿ. ಬೇಕಾದಾಗ ಬೆಲ್ಲದ ಪುಡಿ, ಒಂದು ಚಮಚ ತುಪ್ಪ, ಬಿಸಿಹಾಲು ಸೇರಿಸಿ ಉಂಡೆ ಕಟ್ಟಿಕೊಡಿ. ಇದು ಔಷಧಿಯಲ್ಲ, ತೂಕ ಇಳಿಯದಿರಲಿ ಎಂದಷ್ಟೇ.

ಮನೆಯಲ್ಲಿ, ಶಾಲೆಯಲ್ಲಿ

ಮನೆಯಲ್ಲಿ ಕೆಲವು ಉಪಾಯಗಳು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ಪುಸ್ತಕ ತಂದು ಕೂತ್ಕೋ" ಎಂದರೆ ಮೊದಲನೆಯದೂ ಆಗುವುದಿಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಕಣ್ಣಿಗೆ ಕಣ್ಣು ಕೊಟ್ಟು "ಕೈಕಾಲು ತೊಳಿ ಪುಟ್ಟಾ" ಎನ್ನಿ. ಮುಗಿದ ಮೇಲೆ ಮುಂದಿನದು. ಬೆಳಗಿನ ಕೆಲಸಗಳನ್ನು ಬರೆದು ಗೋಡೆಗೆ ಹಾಕಿ. ಹೋಂವರ್ಕನ್ನು ಹತ್ತು ಹದಿನೈದು ನಿಮಿಷದ ತುಂಡು ಮಾಡಿ, ನಡುವೆ ಎದ್ದು ಓಡಾಡಲು ಬಿಡಿ. ಒಳ್ಳೆಯದು ಮಾಡಿದ ಕೂಡಲೇ ಹೊಗಳಿ, ಭಾನುವಾರದ ತನಕ ಕಾಯಬೇಡಿ. ಮಲಗುವ ಹೊತ್ತು ದಿನಾ ಒಂದೇ ಇರಲಿ, ಮಲಗುವ ಕೋಣೆಗೆ ಮೊಬೈಲು ಬೇಡ. ದಿನಕ್ಕೆ ಒಂದು ಗಂಟೆಯಾದರೂ ಬಯಲಿನಲ್ಲಿ ಆಡಲಿ.

ಹೊಡೆತದ ವಿಷಯ. ದಂಡಂ ದಶಗುಣಂ ಎಂದು ಹಿರಿಯರು ಹೇಳಿಯಾರು. ಏಟಿಗೆ ಗಮನ ಬರುವುದಾಗಿದ್ದರೆ ನನ್ನ ತಂಗಿಯ ಮಗ ಅಷ್ಟು ಹೊತ್ತಿಗೆ ಊರಿಗೇ ಮೊದಲಿಗನಾಗಬೇಕಿತ್ತು. ಶಾಲೆಯಲ್ಲಿ ಮಗುವನ್ನು ಹೊಡೆಯುವುದು, ಅವಮಾನ ಮಾಡುವುದು 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ನಿಷಿದ್ಧ. ಟೀಚರ ಹತ್ತಿರ ಜಗಳಕ್ಕೆ ಹೋಗದೆ, ಡಾಕ್ಟರ ಚೀಟಿ ಹಿಡಿದು ಹೋಗಿ ಕೇಳಿ: ಮುಂದಿನ ಬೆಂಚಿನಲ್ಲಿ ಕೂರಿಸಿ, ಕಿಟಕಿ ಬಾಗಿಲಿನಿಂದ ದೂರ ಇರಿಸಿ, ಬೋರ್ಡು ಒರೆಸುವಂಥ ಓಡಾಟದ ಕೆಲಸ ಕೊಡಿ. ಇದಕ್ಕೆ ದುಡ್ಡು ಬೇಡ, ಮನಸ್ಸು ಬೇಕು. ಜೊತೆಗೆ ಕಲಿಕೆಯ ನ್ಯೂನತೆಯೂ ಇದ್ದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಂಡರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳಬಹುದು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಪ್ರತ್ಯೇಕ ಇದೆ. ಧಾರವಾಡದವರಿಗೆ ಡಿಮ್ಹಾನ್ಸ್. ಕಿವಿ, ಮಾತಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಉಳಿದ ಊರುಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮಾನಸಿಕ ವಿಭಾಗ. ಮನೆಯಿಂದ ಹೊರಡುವುದೇ ಕಷ್ಟವಾದರೆ 14416ಕ್ಕೆ ಫೋನು ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು. "ಮಾನಸಿಕ ವಿಭಾಗಕ್ಕೆ ಹೋದರೆ ಜನ ಏನಂತಾರೆ" ಎಂಬ ಅಳುಕು ಬೇಡ. ಜನ ಈಗಲೂ ಅನ್ನುತ್ತಲೇ ಇದ್ದಾರಲ್ಲ, ಪೋಕರಿ ಎಂದು!

ತಂಗಿಯ ಮಗ ಈಗ ನಾಲ್ಕನೇ ತರಗತಿ. ಬೇರೆ ಶಾಲೆ. ಮೊದಲ ರ‍್ಯಾಂಕೇನೂ ಬಂದಿಲ್ಲ, ಈಗಲೂ ತಿಂಗಳಿಗೊಂದು ಛತ್ರಿ ಕಳೆಯುತ್ತಾನೆ. ಆದರೆ ಬೆಲ್ಟು ಗೂಟದ ಮೇಲಿಂದ ಇಳಿದಿಲ್ಲ. "ನಾನು ಕೆಟ್ಟ ಹುಡುಗ" ಎಂಬ ಮಾತು ಅವನ ಬಾಯಲ್ಲಿ ಬಂದು ವರ್ಷದ ಮೇಲಾಯಿತು.

ಈ ಪುಟ ಓದಿದ ಮೇಲೆ ನಿಮ್ಮ ಮನೆಯ ಮಗು ನೆನಪಾಗಿದ್ದರೆ ಒಂದು ಕೆಲಸ ಮಾಡಿ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಹದಿನೈದು ದಿನ ದಿನಾ ನಾಲ್ಕು ಸಾಲು ಬರೆಯಿರಿ: ಎಷ್ಟು ಹೊತ್ತು ಕೂತ, ಏನು ಮರೆತ, ಎಷ್ಟು ಹೊತ್ತಿಗೆ ಮಲಗಿದ, ಟೀಚರು ಏನಂದರು. ಕೆಟ್ಟದ್ದರ ಜೊತೆ ಅವತ್ತು ಮಾಡಿದ ಒಂದು ಒಳ್ಳೆಯದನ್ನೂ ಬರೆಯಿರಿ. ಆ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. ಅವರಿಗೆ ಅರ್ಧ ಕೆಲಸ ಹಗುರಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ, ತುಂಬ ಜನ ಕೇಳಿರುವ ಹಾಗೆ, ಉಪ್ಪಿನಕಾಯಿಗೆ ಬೂಷ್ಟು ಬಾರದ ಹಾಗೆ ನೋಡಿಕೊಳ್ಳುವುದು ಹೇಗೆಂದು ಬರೆಯುತ್ತೇನೆ. ಅಲ್ಲಿಯವರೆಗೆ ನಮಸ್ಕಾರ.